ಫುಟ್‌ಬಾಲ್ ಮೈದಾನದ ಹೊಟ್ಟೆಯೊಳಗೊಂದು ಕಬಡ್ಡಿ ಫೈನಲ್

ವಟ್ವಾ ಎಂದರೆ ಕಾರ್ಖಾನೆಗಳ ಊರು. ಬಣ್ಣ, ರಾಸಾಯನಿಕ, ಡೀಸೆಲ್ ಎಂಜಿನ್ನುಗಳ ಶೆಡ್. ವಡೋದರಾ ಕಡೆಯಿಂದ ಅಹಮದಾಬಾದಿಗೆ ಹೊರಟ ರೈಲು ಈ ಸ್ಟೇಷನ್ ದಾಟಿದರೆ ಮುಂದಿನದು ಮಣಿನಗರ. ಅಲ್ಲಿಂದ ಆಟೋ ಹತ್ತಿದರೆ 15ನೇ ಶತಮಾನದ ಕಂಕಾರಿಯಾ ಕೆರೆ. ಕೆರೆ ಸುತ್ತಿ, ಮಕ್ಕಳನ್ನು ಪುಟಾಣಿ ರೈಲಿನಲ್ಲಿ ಕೂರಿಸಿ ವಾಪಸ್ ಹೊರಡುವವರೇ ಹೆಚ್ಚು. ಅಲ್ಲೇ ಇರುವ ಏಕಾ ಅರೇನಾದ ಗುಟ್ಟು ಗೊತ್ತಾದರೆ ಮಾತ್ರ ಕಾಲು ಕದಲುವುದಿಲ್ಲ!

ಹೊರಗಿನಿಂದ ಅದು ಇಪ್ಪತ್ತು ಸಾವಿರ ಜನ ಕೂರಬಲ್ಲ ಫುಟ್‌ಬಾಲ್ ಮೈದಾನ. ಆದರೆ ಅದರ ಒಂದು ಭಾಗ ಕೆಲವೇ ನಿಮಿಷಗಳಲ್ಲಿ ಮುಚ್ಚಿದ ಒಳಾಂಗಣವಾಗಿ ಬದಲಾಗುತ್ತದೆ. ಹುಲ್ಲು ಹೊರಗೇ ಉಳಿಯುತ್ತದೆ, ಒಳಗೆ ಮ್ಯಾಟ್ ಹಾಸುತ್ತಾರೆ. 2019ರ ಜುಲೈನಲ್ಲಿ ಇಲ್ಲಿ ಸುನಿಲ್ ಚೆಟ್ರಿಯ ಭಾರತ ತಂಡ ಇಂಟರ್‌ಕಾಂಟಿನೆಂಟಲ್ ಕಪ್ ಫುಟ್‌ಬಾಲ್ ಆಡಿತು. ಅದೇ ಅಕ್ಟೋಬರ್ 19ರಂದು ಅದೇ ವಿಳಾಸದಲ್ಲಿ ಪ್ರೊ ಕಬಡ್ಡಿ ಫೈನಲ್!

ಆ ಫೈನಲ್ಲಿನ ಮಾತಿಗೆ ಮುಂಚೆ ಇನ್ನೊಂದು ಸೋಜಿಗ. 2016ರಲ್ಲಿ ಹನ್ನೆರಡು ದೇಶಗಳ ಕಬಡ್ಡಿ ವಿಶ್ವಕಪ್ ನಡೆದದ್ದೂ ಇಲ್ಲೇ. ಕೀನ್ಯಾ, ಪೋಲೆಂಡ್, ಅರ್ಜೆಂಟೀನಾ ಬಂದಿದ್ದವು; ಅಮೆರಿಕದವರೂ ಬಂದಿದ್ದರು. ಮೊದಲ ಪಂದ್ಯದಲ್ಲೇ ಕೊರಿಯಾ ಎದುರು 32-34ರಲ್ಲಿ ಮುಗ್ಗರಿಸಿದ ಭಾರತ, ಫೈನಲ್ಲಿನಲ್ಲಿ ಇರಾನ್ ವಿರುದ್ಧ ವಿರಾಮದ ಹೊತ್ತಿಗೆ 13-18ರಿಂದ ಹಿಂದಿತ್ತು. ಆಮೇಲೆ ನಮ್ಮ ರೈಡರ್, ಅಂದರೆ ಎದುರಾಳಿಯ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವವ, ಅಜಯ್ ಠಾಕೂರ್ ಎದ್ದ ನೋಡಿ! ಕೊನೆಗೆ 38-29. ಇರಾನ್ ನಾಯಕ ಮೆರಾಜ್ ಶೇಖ್ ಬರಿಗೈಲಿ ಮರಳಿದ.

ಮೂರು ವರ್ಷದ ಬಳಿಕ ಇದೇ ಅರೇನಾದಲ್ಲಿ ಫೈನಲ್ಲಿಗೆ ಬಂದ ದಬಂಗ್ ಡೆಲ್ಲಿ ತಂಡದ ಪಟ್ಟಿಯಲ್ಲಿ ಯಾರ ಹೆಸರಿತ್ತು? ಮೆರಾಜ್ ಶೇಖ್! ಎದುರಿಗೆ ಬೆಂಗಾಲ್ ವಾರಿಯರ್ಸ್. ಎರಡಕ್ಕೂ ಅದೇ ಮೊದಲ ಫೈನಲ್. ಬೆಂಗಾಲ್‌ನ ನಾಯಕ, ಮುಖ್ಯ ರೈಡರ್ ಮಣೀಂದರ್ ಸಿಂಗ್ ಗಾಯಗೊಂಡು ಹೊರಗೆ ಕೂತಿದ್ದ. ಡೆಲ್ಲಿಗೋ ಹತ್ತೊಂಬತ್ತರ ಹುಡುಗ ನವೀನ್ ಕುಮಾರ್ ಇದ್ದ; ಆ ಸೀಸನ್ನಿನಲ್ಲಿ ಪಂದ್ಯದ ಮೇಲೆ ಪಂದ್ಯ ಹತ್ತಕ್ಕೆ ಕಡಿಮೆಯಿಲ್ಲದಂತೆ ಅಂಕ ತರುತ್ತಿದ್ದವನು. ಶುರುವಾಗಿ ಸ್ವಲ್ಪ ಹೊತ್ತಿಗೇ ಬೆಂಗಾಲ್ ಆಲೌಟ್. ಏಳೂ ಜನ ಹೊರಗೆ, ಡೆಲ್ಲಿಗೆ ಮೇಲೆರಡು ಅಂಕ. ಪಂದ್ಯ ಮುಗಿಯಿತು ಎಂದುಕೊಳ್ಳುವುದು ಸಹಜ.

ಮುಗಿಯಲಿಲ್ಲ. ಇಲ್ಲಿಂದಲೇ ಕನ್ನಡಿಗರ ಕಿವಿ ನಿಮಿರಬೇಕು. ಬೆಂಗಾಲ್ ಬೆಂಚಿನಲ್ಲಿ ಕೋಚ್ ಆಗಿ ಕೂತಿದ್ದವರು ನಮ್ಮ ಬಿ.ಸಿ. ರಮೇಶ್. ಮ್ಯಾಟಿನ ಮೇಲೆ ರೈಡಿಗೆ ಇಳಿಯುತ್ತಿದ್ದವನು ಕರ್ನಾಟಕದ ಸುಕೇಶ್ ಹೆಗ್ಡೆ. ಈ ಸುಕೇಶನಿಗೆ ಅರೇನಾ ಹೊಸದೇ? 2017ರಲ್ಲಿ ಗುಜರಾತ್ ತಂಡದ ನಾಯಕನಾಗಿ ಇದನ್ನೇ ತವರು ಅಂಗಣ ಮಾಡಿಕೊಂಡಿದ್ದವನು! ಅವನಿಂದ ಎಂಟು ಅಂಕ, ಇರಾನಿನ ಮೊಹಮ್ಮದ್ ನಬಿಬಕ್ಷ್‌ನಿಂದ ಹತ್ತು. ವಿರಾಮಕ್ಕೆ 17-17. ಅಲ್ಲಿಂದ ಬೆಂಗಾಲ್ ಮುನ್ನುಗ್ಗಿತು, ನವೀನ್ ಒಬ್ಬನೇ ಬೆನ್ನಟ್ಟಿದ. ಅವನ ಹೆಸರಿಗೆ ಹದಿನೆಂಟು ಅಂಕ, ಇಡೀ ತಂಡದ ಮೊತ್ತದ ಅರ್ಧಕ್ಕೂ ಮಿಕ್ಕಿ! ಆದರೂ ಕೊನೆಯ ಶಿಳ್ಳೆ ಊದಿದಾಗ ಬೆಂಗಾಲ್ 39, ಡೆಲ್ಲಿ 34.

ಐದೇ ಅಂಕ. ಹದಿಮೂರು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಅಂಕಣದಲ್ಲಿ ಒಬ್ಬ ರೈಡರ್‌ಗೆ ಸಿಗುವುದು ಮೂವತ್ತು ಸೆಕೆಂಡು. ಅಷ್ಟರಲ್ಲಿ ಮೂರು ನಾಲ್ಕು ಜನರನ್ನು ಮುಟ್ಟಿ ಬಂದವರಿದ್ದಾರೆ. ಅಂದರೆ ಒಂದೆರಡು ಉಸಿರಿನ ಅಂತರ! ಇಂಥ ಕೂದಲೆಳೆಯ ಗೆಲುವು ಬೇರೆಡೆಯೂ ಉಂಟು. ಅಮೆರಿಕದಲ್ಲಿ, ಚೆಂಡು ಹಿಡಿದು ಓಡುವ ಅವರದೇ ಬಗೆಯ ಕಾಲೇಜು ಫುಟ್‌ಬಾಲಿನ ಬೌಲ್ ಪಂದ್ಯಗಳೆಂದರೆ ಊರಿಗೆ ಊರೇ ಹುಚ್ಚೇಳುತ್ತದೆ. 2007ರ ಹೊಸವರ್ಷದ ದಿನ ಫಿಯೆಸ್ಟಾ ಬೌಲ್‌ನಲ್ಲಿ ಬಾಯ್ಸಿ ಸ್ಟೇಟ್ ವಿಶ್ವವಿದ್ಯಾಲಯ ಹೆಚ್ಚುವರಿ ಆಟದಲ್ಲಿ ಒಕ್ಲಹೋಮಾವನ್ನು 43-42ರಿಂದ ಮಣಿಸಿದ ಕಥೆಯನ್ನು ಅಲ್ಲಿನವರು ಇಂದಿಗೂ ಹೇಳುತ್ತಾರೆ. ಅಲ್ಲಿಯೂ ಓಡುವವನನ್ನು ಕೆಡವುವುದೇ ಆಟ. ಆದರೆ ಅಲ್ಲಿ ಹೆಲ್ಮೆಟ್ಟು, ಭುಜಕ್ಕೆ ಕವಚ, ನೂರು ಗಜದ ಬಯಲು. ಇಲ್ಲಿ ಬನಿಯನ್ನು, ಚಡ್ಡಿ, ಬಿಗಿಹಿಡಿದ ಉಸಿರು. ನನ್ನನ್ನು ಕೇಳಿದರೆ ಎದೆಗಾರಿಕೆ ಎಲ್ಲಿ ಹೆಚ್ಚು ಎಂಬುದರಲ್ಲಿ ಅನುಮಾನವೇ ಇಲ್ಲ.

ಇನ್ನು ರಮೇಶ್ ಅವರ ಲೆಕ್ಕ ನೋಡಿ, ತಲೆ ತಿರುಗುತ್ತದೆ. ಅದೇ 2019ರ ಜನವರಿಯಲ್ಲಿ ಮುಂಬೈನಲ್ಲಿ ಬೆಂಗಳೂರು ಬುಲ್ಸ್ 38-33ರಿಂದ ಕಪ್ ಎತ್ತಿದಾಗಲೂ ತರಬೇತುದಾರರ ಬೆಂಚಿನಲ್ಲಿ ಅವರಿದ್ದರು. ಅಂದು ಸೋತದ್ದು ಯಾರು? ಗುಜರಾತ್! ಒಂಬತ್ತೇ ತಿಂಗಳಲ್ಲಿ ಆ ಗುಜರಾತಿನ ನೆಲದಲ್ಲೇ, ಬೇರೆ ತಂಡದೊಂದಿಗೆ, ಮತ್ತೆ ಕಪ್. ಎರಡು ಸಲವೂ ಗೆಲುವಿನ ಅಂತರ ಐದೇ ಅಂಕ. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಮೂರನೆಯ ತಂಡ, ಪುಣೇರಿ ಪಲ್ಟನ್, ಅವರ ಕೈಕೆಳಗೆ ಹರಿಯಾಣ ಸ್ಟೀಲರ್ಸ್‌ ಅನ್ನು ಮಣಿಸಿತು: 28-25. ಈ ಸಲ ಮೂರೇ ಅಂಕ!