ಉಪ್ಪಾಗೆ: ನೆಡುವ ಮೊದಲು ಗಂಡು-ಹೆಣ್ಣು ವಿಚಾರಿಸಿ

ಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ದೊಡ್ಡ ಮರಗಳ ನೆರಳಿನಡಿ ತಾನಾಗಿ ಬೆಳೆಯುವ ಉಪ್ಪಾಗೆ ನಮ್ಮ ಬೆಳೆಗಾರರಿಗೆ ಹೊಸದಲ್ಲ. ಒಣಗಿದ ಸಿಪ್ಪೆ ಅಡಿಗೆಗೆ ಹುಳಿ, ಬೀಜದಿಂದ ತುಪ್ಪ. ಕೊಡಗಿನಲ್ಲಿ ಹಣ್ಣಿನ ರಸವನ್ನು ಕುದಿಸಿ ಬತ್ತಿಸಿದರೆ ಕಾಚಂಪುಳಿ. ೧೯೯೦ರ ದಶಕದಲ್ಲಿ ಸಿಪ್ಪೆಗೆ ಹೊರದೇಶದ ಬೇಡಿಕೆ ಬಂದಾಗ ಕೊಂಬೆ ಕಡಿದು ಕಾಯಿ ಇಳಿಸಿದ್ದೂ ಉಂಟು. ಕಾಡಿನ ಮರ ಉಳಿಯಬೇಕಾದರೆ ನಮ್ಮ ಜಮೀನಿನಲ್ಲೇ ಬೆಳೆಸುವುದು ಮೇಲು.

ಆದರೆ ಇದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಸಸಿ ಫಲಕ್ಕೆ ಬರಲು ಸುಮಾರು ೧೦-೧೨ ವರ್ಷ ಬೇಕು. ಹೂ ಬಿಡುವ ತನಕ ಗುರುತು ಸಿಕ್ಕದು. ಅಷ್ಟು ಕಾಲ ಸಾಕಿದ ಮರ ಗಂಡಾದರೆ ಶ್ರಮವೆಲ್ಲ ವ್ಯರ್ಥ. ಆದುದರಿಂದ ಕಸಿ ಗಿಡವನ್ನೇ ನೆಡಬೇಕು.

ಸಸಿ ಮತ್ತು ಕಸಿ: ಬೀಜದ ಗಟ್ಟಿ ಹೊದಿಕೆಯಿಂದಾಗಿ ಮೊಳಕೆಗೆ ೫-೭ ತಿಂಗಳು ಹಿಡಿಯುತ್ತದೆ. ತಾಜಾ ಬೀಜದ ಹೊದಿಕೆಯನ್ನು ಒಳತಿರುಳಿಗೆ ಪೆಟ್ಟಾಗದಂತೆ ಬಿಡಿಸಿ ಬಿತ್ತಿದರೆ ಬೇಗ ಮೊಳೆಯುತ್ತದೆ. ಈ ಸಸಿಗೆ, ಚೆನ್ನಾಗಿ ಕಾಯಿ ಬಿಡುವ ಹೆಣ್ಣು ಮರದ ಕಡ್ಡಿಯಿಂದ ಮೃದುಕಾಂಡ ಕಸಿ ಮಾಡಬೇಕು. ಕಡ್ಡಿ ನೆಟ್ಟಗೆ ಮೇಲಕ್ಕೆ ಬೆಳೆದ ಚಿಗುರಿನದಾಗಿರಲಿ. ಅಡ್ಡಕೊಂಬೆಯ ಕಡ್ಡಿ ಕಟ್ಟಿದರೆ ಗಿಡ ಮರವಾಗದೆ ಪೊದೆಯಂತೆ ಹರಡುತ್ತದೆ. ಗಿಡ ಕೊಳ್ಳುವಾಗಲೂ ಇದನ್ನು ವಿಚಾರಿಸಿರಿ.

ನೆಡುವಿಕೆ: ಮಳೆಗಾಲದ ಆರಂಭದಲ್ಲಿ, ಕಸಿ ಗಿಡಕ್ಕೆ ೪ ಮೀಟರ್ ಅಂತರ ಕೊಟ್ಟು ನೆಡಬಹುದು. ಎಳೆಯ ಗಿಡಕ್ಕೆ ನೆರಳು ಬೇಕು. ಬೇಸಿಗೆಯಲ್ಲಿ ಬುಡಕ್ಕೆ ದರಗು ಹೊದಿಸಬೇಕು. ಎಲೆ ದಟ್ಟವಾದ ಮರವಾದ್ದರಿಂದ ಅಡಿಕೆ ಅಥವಾ ಕಾಫಿಯ ಸಾಲಿನ ನಡುವೆ ಬೇಡ. ತೋಟದ ಅಂಚು, ಹಳ್ಳದ ದಂಡೆ, ಸೊಪ್ಪಿನ ಬೆಟ್ಟ ಒಳ್ಳೆಯ ಜಾಗ. ಹೆಣ್ಣು ಮರಗಳ ನಡುವೆ ಒಂದೆರಡು ಗಂಡು ಮರವೂ ಇರಲಿ. ಈಗಾಗಲೇ ಬೆಳೆದ ಗಂಡು ಮರವಿದ್ದರೆ ಕಡಿಯಬೇಡಿ. ಪರಾಗಕ್ಕೆ ಅದೇ ಸಾಕು.

ಕೊಯ್ಲು: ಹಣ್ಣು ಹಳದಿಯಾಗುವುದು ಮಳೆಯ ದಿನಗಳಲ್ಲಿ. ಬಿಸಿಲಿಲ್ಲದೆ ಸಿಪ್ಪೆಯನ್ನು ಹೊಗೆಯಟ್ಟದ ಮೇಲೆ ಒಣಗಿಸಬೇಕಾಗುತ್ತದೆ. ಇದಕ್ಕೆ ಸೌದೆ ಬಹಳ ಬೇಕು. ಒಣಗಿದ ಅಡಿಕೆ ಸಿಪ್ಪೆ, ತೆಂಗಿನ ಚಿಪ್ಪನ್ನು ಬೇಸಿಗೆಯಲ್ಲೇ ಕೂಡಿಟ್ಟುಕೊಂಡರೆ ಕಾಡಿನ ಕಟ್ಟಿಗೆಗೆ ಕೈ ಹಾಕುವುದು ತಪ್ಪುತ್ತದೆ.