ಬಿಇ ಪದವಿಯ ಚಲಾವಣೆ ಎಲ್ಲಿಯವರೆಗೆ?

2014ರ ಜೂನ್‌ನಲ್ಲಿ ಭಾರತ, ಎಂಜಿನಿಯರಿಂಗ್ ಓದಿಗೆ ದೇಶಗಳ ನಡುವೆ ಪರಸ್ಪರ ಮನ್ನಣೆ ಕೊಡುವ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯನಾದ ಮೇಲೆ, ಇಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವರ ಪದವಿ ಕೆನಡಾ, ಆಸ್ಟ್ರೇಲಿಯಾಗಳಲ್ಲೂ ನೇರವಾಗಿ ಚಲಾವಣೆಯಾಗುತ್ತದೆ ಎಂಬ ನಂಬಿಕೆ ಬೇರೂರಿದೆ. ಒಪ್ಪಂದ ಅಷ್ಟು ಧಾರಾಳಿಯಲ್ಲ. ಅದು ಒಪ್ಪುವುದು ದೇಶವನ್ನಲ್ಲ, ಕಾಲೇಜನ್ನೂ ಅಲ್ಲ. ರಾಷ್ಟ್ರೀಯ ಮಾನ್ಯತಾ ಮಂಡಳಿ (ಎನ್‌ಬಿಎ) ಟಿಯರ್-1 ಮಾನ್ಯತೆ ಕೊಟ್ಟ ಕೋರ್ಸನ್ನು ಮಾತ್ರ. ಟಿಯರ್-1 ಇರುವುದು ವಿಶ್ವವಿದ್ಯಾಲಯಗಳಿಗೆ, ಸ್ವಾಯತ್ತ ಕಾಲೇಜುಗಳಿಗೆ. ವಿಟಿಯುವಿನಂತಹ ವಿಶ್ವವಿದ್ಯಾಲಯದ ಪರೀಕ್ಷೆಯನ್ನೇ ಬರೆಸುವ ಸಂಯೋಜಿತ ಕಾಲೇಜಿಗೆ ಸಿಗುವುದು ಟಿಯರ್-2, ಅದು ಒಪ್ಪಂದದ ಹೊರಗೆ. ಒಂದೇ ಕ್ಯಾಂಪಸ್ಸಿನಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಮಾನ್ಯತೆಯಿದ್ದು ಸಿವಿಲ್‌ಗೆ ಇಲ್ಲದಿರುವುದೂ ಉಂಟು. ಎಲ್ಲವೂ ಸರಿಯಿದ್ದರೂ ಒಪ್ಪಂದ ಮಾತಾಡುವುದು ಓದಿನ ಬಗ್ಗೆ, ಲೈಸೆನ್ಸಿನ ಬಗ್ಗೆ ಅಲ್ಲ. ಕೆನಡಾದ ಒಂಟಾರಿಯೊದಲ್ಲಿ ಲೈಸೆನ್ಸ್ ಪಡೆದ ಎಂಜಿನಿಯರ್ (ಪಿ.ಎಂಜ್.) ಆಗಲು 48 ತಿಂಗಳ ಅನುಭವ ಬೇರೆಯೇ ತೋರಿಸಬೇಕು.

‘ನಮ್ಮ ಸೀನಿಯರ್‌ಗಳು ಯಾವ ಮಾನ್ಯತೆಯೂ ಇಲ್ಲದೆ ಗಲ್ಫಿನಲ್ಲಿ ನೆಲೆಯೂರಿಲ್ಲವೇ’ ಎಂಬ ಆಕ್ಷೇಪ ಸುಳ್ಳಲ್ಲ, ಹಳೆಯದು. 2018ರಲ್ಲಿ ಕುವೈತ್, ಎಂಜಿನಿಯರುಗಳ ವಾಸದ ಪರವಾನಗಿ ನವೀಕರಣಕ್ಕೆ ಅಲ್ಲಿನ ಎಂಜಿನಿಯರುಗಳ ಸಂಘದ ಒಪ್ಪಿಗೆಪತ್ರವನ್ನು ಕಡ್ಡಾಯ ಮಾಡಿತು. ಸಂಘ ಎನ್‌ಬಿಎ ಮಾನ್ಯತೆ ಕೇಳಿತು. ವರ್ಷಗಟ್ಟಲೆ ಅಲ್ಲೇ ದುಡಿದವರೂ ಸಿಕ್ಕಿಬಿದ್ದರು. ಎನ್‌ಬಿಎ ಹುಟ್ಟಿದ್ದೇ 1994ರಲ್ಲಿ. ಅದಕ್ಕೂ ಮೊದಲು ಪಾಸಾದವರು ಆ ಕಾಗದವನ್ನು ಎಲ್ಲಿಂದ ತರಬೇಕಿತ್ತು? ನಿಯಮ ನ್ಯಾಯವಾಗಿರಲಿಲ್ಲ ಎನ್ನಬಹುದು, ಆದರೆ ವೀಸಾ ಕೊಡುವವರು ಅವರು.

ಲೆಕ್ಕ ಎಲ್ಲಿದ್ದರೂ ಲೆಕ್ಕವೇ, ಇಷ್ಟೊಂದು ತಪಾಸಣೆ ಏಕೆ ಎನ್ನುವವರಿಗೆ ಕಾಂಕ್ರೀಟೇ ಉತ್ತರ ಕೊಡುತ್ತದೆ. ನಮ್ಮ ಕಾಂಕ್ರೀಟ್ ಸಂಹಿತೆ ಐಎಸ್ 456ರ ಎಂ25 ಎಂದರೆ 150 ಮಿ.ಮೀ. ಕ್ಯೂಬನ್ನು 28 ದಿನದ ನಂತರ ಒಡೆದಾಗ ಸಿಗಬೇಕಾದ 25 ಮೆಗಾಪಾಸ್ಕಲ್ ಬಲ. ಅಮೆರಿಕದ ಸಂಹಿತೆ ಎಸಿಐ 318 ಅಳೆಯುವುದು ಸಿಲಿಂಡರಿನಲ್ಲಿ, ಅದೇ ಕಾಂಕ್ರೀಟು ಅಲ್ಲಿ ಸುಮಾರು 20 ತೋರಿಸುತ್ತದೆ. ಎಸಿಐ ಡ್ರಾಯಿಂಗಿನ 25 ನೋಡಿ ಊರಿನ ಎಂ25 ಸುರಿಸಿದರೆ ಕಾಲಮ್ಮಿನ ಕಾಂಕ್ರೀಟಿನ ಬಲ ಐದನೇ ಒಂದು ಪಾಲು ಕಡಿಮೆಯಾದಂತೆ. ಹೀಗಿರುವಾಗ ಬರೀ ಅಂಕಪಟ್ಟಿ ನಂಬಿ ಸಹಿ ಹಾಕುವ ಅಧಿಕಾರ ಯಾರು ಕೊಡುತ್ತಾರೆ?

ಹಾಗೆಂದು ಟಿಯರ್-2ರವರಿಗೆ ಬಾಗಿಲು ಮುಚ್ಚಿಲ್ಲ. ಎಂಜಿನಿಯರ್ಸ್ ಆಸ್ಟ್ರೇಲಿಯಾ ಸಂಸ್ಥೆ, ಅರ್ಜಿದಾರರಿಂದ ಅವರೇ ಮಾಡಿದ ಮೂರು ಕೆಲಸಗಳ ವಿವರವಾದ ವರದಿ ಬರೆಸಿಕೊಂಡು ಅರ್ಹತೆ ಅಳೆಯುತ್ತದೆ. ಸೈಟಿನಲ್ಲಿ ದಿನಚರಿ ಬರೆದಿಡುವವರಿಗೆ ಇದು ಕಷ್ಟವೇನಲ್ಲ. ಏಜೆಂಟರಿಗೆ ಮುಂಗಡ ಕೊಡುವ ಮುನ್ನ ಎನ್‌ಬಿಎ ಜಾಲತಾಣ ತೆರೆದು ಮೂರನ್ನು ನೋಡಿಕೊಳ್ಳಿ: ನಿಮ್ಮ ವಿಭಾಗ, ಅದರ ಟಿಯರ್, ನೀವು ಪಾಸಾದ ವರ್ಷಕ್ಕೆ ಮಾನ್ಯತೆ ಇತ್ತೇ ಎಂಬುದು.