ಖಾಲಿ ತೋಟಾದ ಹಿತ್ತಾಳೆ: ಮಾರುವುದೋ, ಮತ್ತೆ ತುಂಬುವುದೋ?

ಬಂದೂಕಿನ ಒಂದು ತೋಟಾದಲ್ಲಿ ನಾಲ್ಕು ಭಾಗಗಳಿರುತ್ತವೆ. ಮುಂದೆ ಗುಂಡು, ಒಳಗೆ ಮದ್ದು, ಬುಡದಲ್ಲಿ ಪ್ರೈಮರ್. ಮಲೆನಾಡಿನ ಕೇಪಿನ ಕೋವಿಯಲ್ಲಿ ಕೇಪು ಮಾಡುವ ಕೆಲಸವನ್ನೇ ಇಲ್ಲಿ ಪ್ರೈಮರ್ ಮಾಡುತ್ತದೆ. ಈ ಮೂರನ್ನೂ ಹಿಡಿದಿಡುವುದು ಹಿತ್ತಾಳೆಯ ಚಿಪ್ಪು. ಕುದುರೆ ಎಳೆದ ಕ್ಷಣದಲ್ಲಿ ಮೊದಲ ಮೂರರ ಆಯುಸ್ಸು ಮುಗಿಯುತ್ತದೆ. ಉಳಿಯುವುದು ಚಿಪ್ಪೊಂದೇ, ನಾಲ್ಕರಲ್ಲಿ ಸಾಮಾನ್ಯವಾಗಿ ಹೆಚ್ಚು ದುಬಾರಿಯೂ ಅದೇ. ಹಳೆಯ ಪ್ರೈಮರ್ ತೆಗೆದು, ಉಬ್ಬಿದ ಮೈಯನ್ನು ಅಚ್ಚಿಗೆ ಒತ್ತಿ ಮೊದಲಿನ ಅಳತೆಗೆ ತಂದು, ಹೊಸದಾಗಿ ತುಂಬಿದರೆ ಅದು ಮತ್ತೆ ತೋಟಾ. ಅಮೆರಿಕದಲ್ಲಿ ಈ ಕೆಲಸವನ್ನು ಮನೆಯ ಗ್ಯಾರೇಜಿನಲ್ಲೇ ಮಾಡುವವರು ಬಹಳ.

ನಾನು ಕೊಡಗಿನವನು. ಕೈಲ್ ಮುಹೂರ್ತದ ದಿನ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿಯಿಡುವ ಮನೆಯಲ್ಲಿ ಬೆಳೆದೆ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ .22 ರೈಫಲ್ ಹೊಡೆದವರಿಗೆ ನೆನಪಿರುತ್ತದೆ, ಫೈರಿಂಗ್ ಮುಗಿದ ಕೂಡಲೇ ಹುಲ್ಲಿನಲ್ಲಿ ತಡಕಾಡಿ ಪ್ರತಿಯೊಂದು ಖಾಲಿ ತೋಟಾವನ್ನೂ ಲೆಕ್ಕಕ್ಕೆ ಒಪ್ಪಿಸಬೇಕಿತ್ತು. ಪೆನ್ಸಿಲ್ವೇನಿಯಾದ ಶೂಟಿಂಗ್ ಕ್ಲಬ್ಬಿಗೆ ಬಂದರೆ, ನೆಲದ ಮೇಲೆಲ್ಲ ಹಿತ್ತಾಳೆ! ಬೇಕಾದವರು ಆರಿಸಿಕೊಳ್ಳುತ್ತಾರೆ, ಉಳಿದದ್ದು ಡಬ್ಬಕ್ಕೆ.

ನಮ್ಮ ಕ್ಲಬ್ಬಿನ ಹಿರಿಯರೊಬ್ಬರು ತೀರಿಕೊಂಡ ಮೇಲೆ ಅವರ ಹೆಂಡತಿ ನನ್ನನ್ನು ಗ್ಯಾರೇಜಿಗೆ ಕರೆದು ಸಾಲಾಗಿಟ್ಟ ಬಕೆಟ್‌ಗಳನ್ನು ತೋರಿಸಿದರು. ಎಲ್ಲದರಲ್ಲೂ ಖಾಲಿ ಚಿಪ್ಪು. ಗುಜರಿಗೆ ಹಾಕಲೇ, ಯಾರಿಗಾದರೂ ಮಾರಲೇ, ಇಲ್ಲ ನೀವೇ ತುಂಬಿಸಿಕೊಳ್ಳುತ್ತೀರಾ ಎಂದು ಕೇಳಿದರು. ಎಲ್ಲಕ್ಕೂ ಒಂದೇ ಉತ್ತರ ಹೇಳುವುದು ಸಾಧ್ಯವಿರಲಿಲ್ಲ. ಬಕೆಟ್ ಮಗುಚಿ ಆರಿಸಲು ಕೂತೆವು.

ಮೊದಲ ಕೆಲಸ ಅಯಸ್ಕಾಂತದ್ದು. ಹಿತ್ತಾಳೆ ಬಣ್ಣದ ಲೇಪ ಹಚ್ಚಿದ ಉಕ್ಕಿನ ಚಿಪ್ಪುಗಳು ಅದಕ್ಕೆ ಅಂಟಿಕೊಂಡು ಬೇರೆಯಾಗುತ್ತವೆ. ಅಲ್ಯೂಮಿನಿಯಂ ಆದರೆ ಕೈಯ ತೂಕಕ್ಕೇ ತಿಳಿಯುತ್ತದೆ. ಇವೆರಡನ್ನೂ ಮತ್ತೆ ತುಂಬುವ ಗೋಜಿಗೆ ಹೋಗಬಾರದು. .22 ಚಿಪ್ಪನ್ನೂ ಅಷ್ಟೇ. ಅದರ ಸ್ಫೋಟಕವನ್ನು ಅಂಚಿನ ಮಡಿಕೆಯೊಳಗೆ ಹರಡಿರುತ್ತಾರೆ, ಪಿನ್ನು ಬಡಿದು ಆ ಅಂಚು ಒಮ್ಮೆ ಜಜ್ಜಿದರೆ ಮುಗಿಯಿತು.

ಉಳಿದವನ್ನು ಬೆಳಕಿಗೆ ಹಿಡಿದು ಒಳಗೆ ನೋಡಬೇಕು. ತಳದ ನಡುವೆ ಒಂದೇ ತೂತಿದ್ದರೆ ಬಾಕ್ಸರ್ ಬಗೆಯದು, ತೆಳು ಕಡ್ಡಿಯೊಂದನ್ನು ತೂರಿಸಿ ಹಳೆಯ ಪ್ರೈಮರ್ ದಬ್ಬಬಹುದು. ಎರಡು ಸಣ್ಣ ತೂತಿದ್ದರೆ ಬರ್ಡನ್, ಮನೆಯಲ್ಲಿ ತುಂಬುವವರಿಗೆ ತಲೆನೋವು. ಎಡ್ವರ್ಡ್ ಬಾಕ್ಸರ್ ಬ್ರಿಟಿಷ್ ಸೇನಾಧಿಕಾರಿ, ಹೈರಮ್ ಬರ್ಡನ್ ಅಮೆರಿಕದವನು. 1860ರ ದಶಕದಲ್ಲಿ ಇಬ್ಬರೂ ತಮ್ಮ ತಮ್ಮ ವಿನ್ಯಾಸ ತಂದರು. ಕೊನೆಗೆ ಅಮೆರಿಕ ಒಪ್ಪಿಕೊಂಡದ್ದು ಇಂಗ್ಲೆಂಡಿನವನದನ್ನು. ಇಲ್ಲಿ ಮನೆಮನೆಯಲ್ಲಿ ತೋಟಾ ತುಂಬುವ ಅಭ್ಯಾಸ ಬೆಳೆಯಲು ಆ ಒಂದು ತೂತು ದೊಡ್ಡ ಕಾರಣ.

ಇನ್ನು ಬೆಲೆಯ ಮಾತು. ತೋಟಾದ ಹಿತ್ತಾಳೆಯಲ್ಲಿ ತಾಮ್ರ ಸುಮಾರು 70 ಭಾಗ, ಸತು 30 ಭಾಗ. 9 ಎಂಎಂ ಪಿಸ್ತೂಲಿನ ಚಿಪ್ಪು ಸುಮಾರು 4 ಗ್ರಾಂ ತೂಗುತ್ತದೆ, ಕಿಲೋಗೆ 250ರಷ್ಟು. ಗುಜರಿಯವರು ಕೊಡುವುದು ಲೋಹದ ಬೆಲೆ ಮಾತ್ರ. ತೊಳೆದು, ಬುಡದ ಮುದ್ರೆ ನೋಡಿ ವಿಂಗಡಿಸಿಟ್ಟರೆ ತೋಟಾ ತುಂಬುವವರು ಅದಕ್ಕಿಂತ ಹೆಚ್ಚು ಕೊಟ್ಟು ಒಯ್ಯುತ್ತಾರೆ. ನೀವೇ ತುಂಬಿದರೆ ಲಾಭವೇ? 9 ಎಂಎಂ ವಿಷಯದಲ್ಲಿ ನನಗೆ ಹಾಗನ್ನಿಸುವುದಿಲ್ಲ. ಕಾರ್ಖಾನೆಯ ತೋಟಾವೇ ಅಗ್ಗಕ್ಕೆ ಸಿಗುತ್ತದೆ. 2020ರ ನಂತರ ಪ್ರೈಮರ್‌ಗೆ ಬಂದ ಬರದಲ್ಲಿ, ಬಕೆಟ್‌ಗಟ್ಟಲೆ ಚಿಪ್ಪು ಕೂಡಿಟ್ಟವರೂ ಕೈಕಟ್ಟಿ ಕೂತರು. ವಾರವಾರ ಸ್ಪರ್ಧೆಗೆ ಹೋಗುವವರ ಲೆಕ್ಕ ಬೇರೆ. ಆ ಬಕೆಟ್‌ಗಳನ್ನು ಮಾರಿಬಿಡಿ ಎಂದೆ.

.30-06 ಜಿಂಕೆ ಬೇಟೆಯ ರೈಫಲಿನದು, ಅದನ್ನು ಬೇರೆಯೇ ನೋಡಬೇಕು. ತೋಟಾ ದುಬಾರಿ, ಹೊಡೆಯುವುದು ಕಡಿಮೆ. ತನ್ನ ರೈಫಲಿಗೆ ಒಗ್ಗುವಂತೆ ತುಂಬಿಕೊಂಡರೆ ಗುರಿ ಕರಾರುವಾಕ್ಕಾಗುತ್ತದೆ, ಪ್ರಾಣಿ ನರಳುವುದೂ ತಪ್ಪುತ್ತದೆ. ಇಂಥದ್ದನ್ನು ಉಳಿಸಿಕೊಳ್ಳಬೇಕು ಎನ್ನುವವನು ನಾನು. ಆದರೆ ಒಂದು ಷರತ್ತು: ಚಿಪ್ಪಿನ ಪೂರ್ವಕಥೆ ಗೊತ್ತಿರಬೇಕು.

ಗುಂಡು ಹಾರುವಾಗ ಹಿತ್ತಾಳೆ ಹಿಗ್ಗಿ ಕೋವಿಯ ಗೋಡೆಗೆ ಒತ್ತಿಕೊಳ್ಳುತ್ತದೆ, ಮರುಕ್ಷಣ ಕುಗ್ಗುತ್ತದೆ. ಅದನ್ನು ಮತ್ತೆ ಅಚ್ಚಿಗೆ ಒತ್ತಿದಾಗಲೆಲ್ಲ ಲೋಹ ಸ್ವಲ್ಪ ಮುಂದಕ್ಕೆ ಹರಿಯುತ್ತದೆ, ಬುಡದ ಹತ್ತಿರ ಗೋಡೆ ತೆಳ್ಳಗಾಗುತ್ತದೆ. ಹೊರಗೆ ಅಲ್ಲೊಂದು ಹೊಳೆಯುವ ಉಂಗುರ ಕಂಡರೆ ಎಚ್ಚರ. ತುದಿ ಬಗ್ಗಿಸಿದ ಪೇಪರ್ ಕ್ಲಿಪ್ಪನ್ನು ಒಳಗೋಡೆಯ ಮೇಲೆ ಎಳೆದಾಗ ತಗ್ಗು ಸಿಕ್ಕರೆ ಆ ಚಿಪ್ಪು ಗುಜರಿಗೆ. ಮುಂದಿನ ಹೊಡೆತಕ್ಕೆ ಅದು ಎರಡು ತುಂಡಾಗಿ, ಬಿಸಿ ಅನಿಲ ಹೊಡೆಯುವವರ ಮುಖದ ಕಡೆಗೇ ನುಗ್ಗಬಹುದು. ಕತ್ತಿನ ಭಾಗವೂ ಬಳಸಿದಂತೆ ಗಡುಸಾಗಿ ಸೀಳುತ್ತದೆ. ಅದಕ್ಕೇ ಅನುಭವಸ್ಥರು ಆ ಭಾಗವನ್ನಷ್ಟೇ ಕಾಯಿಸಿ ಮೆದು ಮಾಡುತ್ತಾರೆ.

ಹಿತ್ತಾಳೆ ಸೀಳುವ ಈ ಕಥೆಗೆ ನಮ್ಮ ದೇಶದ ಮಳೆಗಾಲದ ನಂಟಿದೆ. ಬ್ರಿಟಿಷ್ ಸೇನೆ ಭಾರತದಲ್ಲಿ ಮಳೆ ಹಿಡಿದಾಗ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಬಿಟ್ಟ ಮೇಲೆ ನೋಡಿದರೆ ಎಷ್ಟೋ ಚಿಪ್ಪು ತಮ್ಮಷ್ಟಕ್ಕೇ ಬಿರುಕು ಬಿಟ್ಟಿರುತ್ತಿದ್ದವು. ಕಾರಣ ಬಿಡಿಸಿದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಮೂವರು. ಕುದುರೆಯ ಮೂತ್ರದಿಂದೆದ್ದ ಅಮೋನಿಯಾ, ತಯಾರಿಸುವಾಗ ಲೋಹದಲ್ಲಿ ಉಳಿದುಹೋದ ಬಿಗಿತದ ಜೊತೆ ಸೇರಿ ಹಿತ್ತಾಳೆಯನ್ನು ಸೀಳುತ್ತಿತ್ತು. ಅಮೋನಿಯಾ ಇರುವ ಪಾಲಿಶ್ ಹಾಕಿ ಚಿಪ್ಪು ಉಜ್ಜಬಾರದು ಎನ್ನುವುದು ಇದಕ್ಕೇ. ನಾನು ಬಳಸುವುದು ನೀರಿಗೆ ಚೂರು ಸಿಟ್ರಿಕ್ ಆಮ್ಲ, ನಮ್ಮ ಅಜ್ಜಿ ಚೊಂಬಿಗೆ ಹುಣಸೆಹಣ್ಣು ಹಚ್ಚುತ್ತಿದ್ದ ಹಾಗೆ.

ಸೇನೆಯ ಚಿಪ್ಪುಗಳೂ ಆ ಬಕೆಟ್‌ಗಳಲ್ಲಿದ್ದವು. ವೃತ್ತದೊಳಗೆ ಶಿಲುಬೆಯ ನ್ಯಾಟೋ ಗುರುತು, ಎಲ್‌ಸಿ ಎಂದಿದ್ದರೆ ಮಿಸೌರಿಯ ಲೇಕ್ ಸಿಟಿ ಕಾರ್ಖಾನೆಯದು. ಗಟ್ಟಿ ಹಿತ್ತಾಳೆ. 2009ರ ಮಾರ್ಚ್‌ನಲ್ಲಿ ರಕ್ಷಣಾ ಇಲಾಖೆ ಇವನ್ನು ಜಜ್ಜಿಯೇ ಮಾರಬೇಕೆಂದು ಹೊರಟಾಗ, ತೋಟಾ ತುಂಬುವವರು ಗದ್ದಲವೆಬ್ಬಿಸಿದರು. ಮೊಂಟಾನಾದ ಸೆನೆಟರ್‌ಗಳಾದ ಟೆಸ್ಟರ್ ಮತ್ತು ಬಾಕಸ್ ದನಿಗೂಡಿಸಿ ಆದೇಶ ಹಿಂದೆ ಸರಿಯುವಂತೆ ಮಾಡಿದರು.

ಕಪಾಟಿನಲ್ಲಿ ಆ ಹಿರಿಯರೇ ತುಂಬಿಟ್ಟ ತೋಟಾಗಳಿದ್ದವು. ಇಲ್ಲಿ ಮಾತ್ರ ನಾನು ಹಟ ಹಿಡಿದೆ. ಇನ್ನೊಬ್ಬರು ತುಂಬಿದ್ದನ್ನು ಹೊಡೆಯಬಾರದು, ಅವರು ಎಷ್ಟೇ ಶಿಸ್ತಿನವರಾಗಿರಲಿ. ಒಳಗೆ ಯಾವ ಮದ್ದು, ಎಷ್ಟು ಎಂದು ಹೇಳಲು ಅವರೇ ಇಲ್ಲ. ಮಾರಲೂ ಆಗದು. ಖಾಲಿ ಚಿಪ್ಪು ಮಾರುವುದಕ್ಕೆ ಅಮೆರಿಕದ ಫೆಡರಲ್ ಪರವಾನಗಿ ಬೇಕಿಲ್ಲ, ತುಂಬಿದ ತೋಟಾ ತಯಾರಿಸಿ ಮಾರುವ ದಂಧೆಗೆ ಪರವಾನಗಿ ಬೇಕೇ ಬೇಕು. ರಾಜ್ಯದ ಕಾನೂನನ್ನೂ ನೋಡಬೇಕು, ಮ್ಯಾಸಚೂಸೆಟ್ಸ್‌ನಲ್ಲಿ ಖಾಲಿ ಚಿಪ್ಪೂ ಮದ್ದುಗುಂಡಿನ ವ್ಯಾಖ್ಯೆಯೊಳಗೆ ಬರುತ್ತದೆ. ಆ ತೋಟಾಗಳ ಗುಂಡು ಕಿತ್ತು ಬಿಡಿಸಿಟ್ಟೆವು.

ಅವರ ಮೊಮ್ಮಗು ಓಡಿ ಬಂದು ಬಕೆಟ್ಟಿಗೆ ಕೈಹಾಕಿದಾಗ ತಡೆದೆ. ಸಾಮಾನ್ಯ ಪ್ರೈಮರ್‌ನಲ್ಲಿ ಸೀಸವಿರುತ್ತದೆ, ಹೊಡೆದ ಚಿಪ್ಪಿನ ಮಸಿಯಲ್ಲೂ ಅದು ಉಳಿದಿರುತ್ತದೆ. ಒಣ ಪಾಲಿಶ್ ಯಂತ್ರದಿಂದ ಏಳುವ ದೂಳು ಇನ್ನೂ ಕೆಟ್ಟದು. ಯಂತ್ರ ಮನೆಯೊಳಗೆ ಬೇಡ, ಕೈ ತೊಳೆಯದೆ ತಿಂಡಿ ಮುಟ್ಟುವುದು ಬೇಡ.

ಕೊನೆಗೆ ಉಳಿದದ್ದು ಸೀಳಿದವು, ತೆಳ್ಳಗಾದವು ಮತ್ತು ಯಾರು ಎಷ್ಟು ಸಲ ಹೊಡೆದರೋ ತಿಳಿಯದ ರೈಫಲ್ ಚಿಪ್ಪುಗಳು. ಇವೆಲ್ಲ ಗುಜರಿಗೆ ಎಂದು ತೀರ್ಮಾನವಾಯಿತು. ಕೊಡುವ ಮುನ್ನ ಒಂದೊಂದರ ಬಾಯಿಯನ್ನೂ ನೋಡಿ ಎಂದು ಆ ತಾಯಿಗೆ ಹೇಳಿದೆ. ಖಾಲಿ ಹಿತ್ತಾಳೆಯ ನಡುವೆ ಒಂದು ಜೀವಂತ ತೋಟಾ ಸಿಕ್ಕರೂ ಗುಜರಿಯವರು ಇಡೀ ಬಕೆಟ್ ಹಿಂದಿರುಗಿಸಬಹುದು, ಕುಲುಮೆಗೆ ಬಿದ್ದರೆ ಅಲ್ಲಿ ನಿಂತ ಕೆಲಸಗಾರನಿಗೆ ಏಟು.